ಹದಿನೈದು ದಿನದ ಅರ್ಜಿ

ಅವರ ಎಡಗೈ ತೋರುಬೆರಳಿನ ಮೇಲೆ ಅಡ್ಡಡ್ಡ ನಾಲ್ಕೈದು ಬಿಳಿ ಗೆರೆಗಳಿದ್ದವು. ಉಕ್ಕಿನ ಟೇಪು ಸರ್ರನೆ ಒಳಗೆ ಸುರುಳಿಯಾಗುವಾಗ ಅದರ ಅಂಚು ಕುಯ್ದ ಗುರುತುಗಳು. ಬೇರೆ ಇಂಜಿನಿಯರುಗಳು ಜೀಪಿನಲ್ಲೇ ಕೂತು ಮೇಸ್ತ್ರಿಯ ಕೈಯಲ್ಲಿ ಅಳತೆ ಹಾಕಿಸುತ್ತಿದ್ದರು. ಇವರು ಟೇಪಿನ ತುದಿಯನ್ನು ಯಾರ ಕೈಗಾದರೂ ಕೊಡುತ್ತಿದ್ದರು, ಅಂಕಿ ಓದುವ ಕಡೆಯನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ.

ಆಂಧ್ರದ ರಾಯದುರ್ಗದಲ್ಲಿ ಅವರ ಮನೆಯ ಗೋಡೆಗೆ ನಮ್ಮ ಗೋಡೆ ಅಂಟಿತ್ತು. ನಾನು ಮಡಕಶಿರಾ ಹತ್ತಿರದ ರೊಳ್ಳದ ಕಡೆಯವಳು. ನಮ್ಮೂರಿನವರೆಲ್ಲ ಕೂಲಿ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ ನಾನು ಗಂಡನ ಜೊತೆ ಇಲ್ಲಿಗೆ ಬಂದು ಜೀನ್ಸ್ ಹೊಲಿಯುವ ಶೆಡ್ಡು ಸೇರಿದ್ದೆ. ಅವರು ಬೊಮ್ಮನಹಾಳಿನವರು, ಡಿಪ್ಲೊಮಾ ಓದಿ ನೀರಾವರಿ ಇಲಾಖೆಯಲ್ಲಿ ಎ.ಇ., ಅಂದರೆ ಸಹಾಯಕ ಇಂಜಿನಿಯರ್ ಆದವರು. ಓಣಿಗೆಲ್ಲ ಅವರು ಎ.ಇ. ಸಾರ್. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಓಣಿಯ ತುಂಬ ನನ್ನಂತೆ ವಲಸೆ ಬಂದವರೇ. ಯಾವುದೋ ಕಾಗದಕ್ಕೆ ಗೆಜೆಟೆಡ್ ಅಧಿಕಾರಿಯ ಹಸಿರು ಸಹಿ ಬೇಕೆಂದರೆ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನು. ಸಾರ್ ನಗುತ್ತ ಹೇಳುತ್ತಿದ್ದರು: "ನನ್ ಸಹಿ ನಡಿಯಂಗಿಲ್ರಿ. ದನದ ಡಾಕ್ಟ್ರ ಹತ್ರ ಹೋಗ್ರಿ, ಅವ್ರು ಹಾಕ್ತಾರ." ಅವರು ನಗುತ್ತಿದ್ದರು, ನನಗೆ ಮೈಯುರಿಯುತ್ತಿತ್ತು. ಅಷ್ಟು ವರ್ಷ ಕೆರೆಗಳ ತೂಬು ಕಟ್ಟಿದವರು ಕೂಲಿಯವಳ ಫೋಟೊದ ಮೇಲೊಂದು ಸಹಿ ಹಾಕುವಂತಿಲ್ಲ! ಡಿ.ಇ., ಅಂದರೆ ಉಪ ಕಾರ್ಯಪಾಲಕ ಇಂಜಿನಿಯರ್ ಆಗಿ ಬಡ್ತಿ ಬಂದರಷ್ಟೇ ಹಸಿರು ಶಾಯಿ.

ಆ ಬಡ್ತಿಗೆ ಅಡ್ಡ ಮಲಗಿದ್ದು ಒಂದು ನಿಯಮ. ಡಿಗ್ರಿಯವರಿಗೆ ಎಷ್ಟು ಹುದ್ದೆ, ಡಿಪ್ಲೊಮಾದವರಿಗೆ ಎಷ್ಟು ಎಂಬ ಜಗಳ. ಒಂದು ಗುಂಪು ಕೋರ್ಟಿಗೆ ಹೋದರೆ ಇನ್ನೊಂದು ಗುಂಪು ತಡೆಯಾಜ್ಞೆ ತರುತ್ತಿತ್ತು. ಸೇವಾ ಹಿರಿತನದ ಪಟ್ಟಿ ಬರುವುದು, ರದ್ದಾಗುವುದು, ಮತ್ತೆ ಬರುವುದು. ಈ ಮಧ್ಯೆ ಸಾರ್ ಬಳಿ ಅಳತೆ ಕಲಿತ ಹುಡುಗರೇ ಅವರ ಮೇಲಧಿಕಾರಿಗಳಾಗಿ ಬಂದು, "ಏನ್ರೀ, ಬುಕ್ ತೋರ್ಸ್ರಿ" ಎನ್ನುತ್ತಿದ್ದರು. ಸಾರ್ ಎದ್ದು ನಿಂತು ಅಳತೆ ಪುಸ್ತಕ ತೋರಿಸುತ್ತಿದ್ದರು.

ಕಡೆಗೊಮ್ಮೆ ಕೋರ್ಟು, ತೀರ್ಪು ಬರುವವರೆಗೆ ತಾತ್ಕಾಲಿಕವಾಗಿ ಬಡ್ತಿ ಕೊಡಬಹುದು ಎಂದಿತು. ಸಾರ್ ಹೆಸರು ಬಂತು. ಡಿ.ಇ. ಆಗಿ ಮಡಕಶಿರಾಕ್ಕೆ ಹಾಕಿದ್ದರು. "ನಮ್ಮೂರ್ ಕಡೀಕೇ ಬತ್ತೀರಲ್ಲ ಸಾರ್, ಇನ್ ಮುದ್ದೆ ಉಣ್ಣೋದ್ ಕಲೀರಿ" ಎಂದು ಚೇಷ್ಟೆ ಮಾಡಿದೆ. ಅಂದು ಸಂಜೆ ಅವರು ಬಜಾರಿನಿಂದ ಒಂದು ಹಸಿರು ಪೆನ್ನು ತಂದು, ಕುರ್ಚಿಯಲ್ಲಿ ಕೂತ ದಿನವೇ ತೆಗೆಯುವುದೆಂದು ಬೀರುವಿನಲ್ಲಿಟ್ಟರು.

ಅದೇ ವಾರ ಬೆಳುಗುಪ್ಪದ ಹತ್ತಿರದ ಕೆರೆಯೊಂದರಲ್ಲಿ ತೂಬಿನ ಕೆಲಸ ನಡೆದಿತ್ತು. ತಳದ ಕಾಂಕ್ರೀಟು ಮುಗಿದಿತ್ತು, ಅದರ ಮೇಲೆ ಏರಿಯ ಮಣ್ಣು ಬೀಳುವುದಿತ್ತು. ಮಣ್ಣು ಬಿದ್ದ ಮೇಲೆ ಕೆಳಗಿನದ್ದನ್ನು ಯಾರೂ ಅಳೆಯಲಾರರು, ಗುತ್ತಿಗೆದಾರ ಹೇಳಿದ್ದೇ ಅಳತೆ. "ಮಣ್ಣು ಮುಚ್ಚೋದ್ರೊಳಗ ಅಳೀಬೇಕು ತಂಗಿ, ಆಮ್ಯಾಲೆ ಬರ್ದಿದ್ದೆಲ್ಲ ಸುಳ್ಳು" ಎನ್ನುವುದು ಅವರ ನಿತ್ಯದ ಮಾತು. ಹಾಗಾಗಿ, ಅಳತೆ ಮುಗಿಸಿ ಪುಸ್ತಕ ಒಪ್ಪಿಸಿ ಹೋಗಲು ಹದಿನೈದು ದಿನ ಕಾಲಾವಕಾಶ ಕೊಡಬೇಕೆಂದು ಅರ್ಜಿ ಬರೆದರು.

"ಮೊದ್ಲು ಹೋಗಿ ಸೇರ್ಕಳಿ ಸಾರ್. ಅಳ್ಯೋಕೆ ಬ್ಯಾರೆ ಯಾರೂ ಇಲ್ವಾ?" ಎಂದೆ.

"ಇದಾರ. ಅಳಿಯಂಗಿಲ್ಲ" ಎಂದರು.

ಹದಿನಾರನೆಯ ದಿನ ಮಡಕಶಿರಾಕ್ಕೆ ಹೋದರೆ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಮೇಲಿನ ಕಚೇರಿಯ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ, 'ಬಡ್ತಿ ಬಿಟ್ಟುಕೊಟ್ಟಿದ್ದಾರೆ' ಎಂದು ಬರೆದಿತ್ತು. ಸಮಯ ಕೇಳಿದ ಕಾಗದವನ್ನೇ ಬಿಟ್ಟುಕೊಟ್ಟ ಕಾಗದ ಮಾಡಿದ್ದರು. ಮುಂದೆ ಡಿಗ್ರಿ-ಡಿಪ್ಲೊಮಾ ಜಗಳ ತೀರಿ ಅವರ ಜೊತೆಯವರಿಗೆಲ್ಲ ಬಡ್ತಿ ಸಿಕ್ಕಿತು. ಸಾರ್ ಒಬ್ಬರೇ ಉಳಿದು, ಒಬ್ಬರೇ ಕೇಸು ಹಾಕಿದರು.

ಆ ಕೇಸಿನ ಕಥೆ ನೆನೆದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಎನ್ನುತ್ತವೆ. ಮೊದಲು ಹೈದರಾಬಾದಿಗೆ ಓಡಾಡಿದರು. ರಾಜ್ಯ ಒಡೆದು ಹೈಕೋರ್ಟು ಬೇರೆಯಾದ ಮೇಲೆ ಅಮರಾವತಿಗೆ. ಪ್ರತಿ ಸಲವೂ ಸರ್ಕಾರದ ವಕೀಲರು ಎದ್ದು ಉತ್ತರ ಸಲ್ಲಿಸಲು ಸಮಯ ಬೇಕೆನ್ನುವುದು, ಕೋರ್ಟು ಕೊಡುವುದು. ಇವರು ಜೀವನದಲ್ಲಿ ಒಂದೇ ಸಲ ಕೇಳಿದ ಹದಿನೈದು ದಿನ ತಪ್ಪಾಯಿತು. ಸರ್ಕಾರ ವರ್ಷಗಟ್ಟಲೆ ಸಮಯ ಕೇಳಿದರೂ, ನೀವು ಕೇಸು ಬಿಟ್ಟುಕೊಟ್ಟಿರಿ ಎಂದು ಯಾರೂ ಅನ್ನಲಿಲ್ಲ!

ಸಾರ್ ಮೇಲೂ ನನಗೆ ಸಿಟ್ಟಿದೆ. ಆ ಮಾತು ಬರೆದ ಗುಮಾಸ್ತನನ್ನು ನಾನು ಬೈದರೆ, "ಪಾಪ, ಅವ್ರಿಗೆ ಮ್ಯಾಲಿನೋರು ಏನ್ ಹೇಳಿದ್ರೋ" ಎನ್ನುತ್ತಿದ್ದರು. ಕೋರ್ಟಿನಿಂದ ಬಂದ ಮರುದಿನ ಬೆಳಿಗ್ಗೆಯೇ ಟೇಪು ಹಿಡಿದು ಕೆರೆಗೆ ಹೊರಡುತ್ತಿದ್ದರು. ಮನುಷ್ಯನಿಗೆ ಅಷ್ಟು ಒಳ್ಳೆಯತನ ಇರಬಾರದು.

ಆದರೆ ನನಗೆ ಮಾತ್ರ ಗಟ್ಟಿಯಾಗಿ ಕಲಿಸಿದರು. ನಾನು ಎರಡನೆಯ ಬಾಣಂತನಕ್ಕೆ ರಜೆ ಕೇಳುವಾಗ, "ಬಾಯಿಲೆ ಹೇಳಬ್ಯಾಡ ತಂಗಿ. ಬರ್ದು ಕೊಡು. ನಕಲಿನ ಮ್ಯಾಲ ಸೀಲ್ ಬೀಳೋತನ ಕುರ್ಚಿ ಬಿಟ್ಟು ಏಳಬ್ಯಾಡ" ಎಂದಿದ್ದರು. ಹಾಗೇ ಮಾಡಿದ್ದೆ. ಮೂರು ತಿಂಗಳ ನಂತರ ಶೆಡ್ಡಿಗೆ ಹೋದಾಗ ಮೇಲ್ವಿಚಾರಕ, ನೀನು ಕೆಲಸ ಬಿಟ್ಟು ಹೋದವಳು ಎಂದ. ಸೀಲಿನ ನಕಲನ್ನು ಅವನ ಮೂಗಿಗೆ ಹಿಡಿದೆ. ನನ್ನ ಹೊಲಿಗೆ ಮಿಷನ್ನು ನನಗೆ ಸಿಕ್ಕಿತು. ಸಾರ್ ಹತ್ತಿರವೂ ತಮ್ಮ ಅರ್ಜಿಯ ಸೀಲು ಬಿದ್ದ ನಕಲಿತ್ತು. ಅದನ್ನು ಓದಲು ಕೋರ್ಟಿಗೆ ಆರು ವರ್ಷ ಹಿಡಿಯಿತು.

ನಿವೃತ್ತಿಗೆ ಇನ್ನೂ ಒಂದು ವರ್ಷ ಇರುವಾಗ ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಬಳ್ಳಾರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದರು. ಬೊಮ್ಮನಹಾಳಿನ ಹೊಲದಲ್ಲಿ ಮಣ್ಣು ಮಾಡಿದೆವು. ಹಾರ ಹಿಡಿದು ಬಂದ ಅಧಿಕಾರಿಗಳು ಪ್ರಾಮಾಣಿಕತೆಯ ಬಗ್ಗೆ ಮಾತಾಡುವಾಗ ನಾನು ದೂರ ಹೋಗಿ ನಿಂತೆ. ಅಲ್ಲೇ ಇದ್ದಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

ಮೂರು ತಿಂಗಳಿಗೆ ರಿಜಿಸ್ಟರ್ ಅಂಚೆ ಬಂತು. ಸಮಯ ಕೇಳುವುದು ಬಿಟ್ಟುಕೊಟ್ಟಂತಲ್ಲ ಎಂದು ಕೋರ್ಟು ಹೇಳಿತ್ತು. ಸಾರ್ ತೀರಿಕೊಂಡ ಸುದ್ದಿ ಇನ್ನೂ ಮೇಲಿನ ಕಚೇರಿಗೆ ಮುಟ್ಟಿರಲಿಲ್ಲ. ಆದೇಶ ಅವರ ಹೆಸರಿಗೇ ಇತ್ತು: ಹದಿನೈದು ದಿನಗಳೊಳಗೆ ಮಡಕಶಿರಾದಲ್ಲಿ ಡಿ.ಇ. ಆಗಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಬಡ್ತಿ ಬಿಟ್ಟುಕೊಟ್ಟಿರುವುದಾಗಿ ಭಾವಿಸಲಾಗುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ದಲ್ಲದೆ, ಒಳಗೆ ಯಾಕೆ ಬರಲಿಲ್ಲವೆಂದು ಕೇಳುತ್ತಿದ್ದರು!

ಅಕ್ಕನನ್ನು ಕರೆದುಕೊಂಡು ಇಲ್ಲಿನ ಕಚೇರಿಗೆ ಹೋದೆ. ಗುಮಾಸ್ತ ಕಾಗದ ನೋಡಿ ತಲೆ ಕೆರೆದುಕೊಂಡ. "ಮ್ಯಾಲಿಗೆ ಉತ್ತರ ಕಳಿಸ್ಬೇಕಾಗ್ತದ್ರಿ. ಏನಾರ ಬರ್ದು ಕೊಡ್ರಿ" ಎಂದ.

ಅಕ್ಕ ಸೆರಗಿನ ಗಂಟು ಬಿಚ್ಚಿ ಹಸಿರು ಪೆನ್ನು ತೆಗೆದರು. ಅದನ್ನು ಮನೆಯಿಂದಲೇ ತಂದಿದ್ದರು. ಇಷ್ಟು ವರ್ಷ ಮುಚ್ಚಿಟ್ಟ ಪೆನ್ನು ಬರೆಯಲಿಲ್ಲ. ಅಂಗೈ ಮೇಲೆ ಗೀಚಿ ಗೀಚಿ ಶಾಯಿ ಬರಿಸಿದೆ. ತೆಲುಗಿನಲ್ಲಿ ಒಂದೇ ಸಾಲು ಬರೆದೆ: ಅವರು ಬಿಟ್ಟುಕೊಟ್ಟಿಲ್ಲ, ತೀರಿಕೊಂಡಿದ್ದಾರೆ. ಕೆಳಗೆ ಅಕ್ಕ ಸಹಿ ಹಾಕಿದರು.

"ಹಸುರಿನಾಗ ನೀವು ಬರಿಯಂಗಿಲ್ರಿ" ಎಂದ ಗುಮಾಸ್ತ.

"ತಕಳಿ. ನಕಲಿಗೆ ಸೀಲ್ ಹಾಕಿ" ಎಂದೆ.

ಅವನು ಸೀಲು ಹಾಕುವವರೆಗೆ ನಾವಿಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.