ಅಕ್ಕನ ಟವೆಲ್ ಮೂಸಿದ ಯಂತ್ರ

ಟಾರ್ಚಿನಷ್ಟು ಉದ್ದದ ಯಂತ್ರವೊಂದು ನಮ್ಮ ಅಕ್ಕನ ರೊಟ್ಟಿಗಂಟನ್ನು ಮೂಸಿತು. ಕೆಂಪು ದೀಪ ಹತ್ತಿತು. ಕುಂಯ್ಯೋ ಎಂದು ಕೂಗಿಕೊಂಡಿತು. ನಮ್ಮ ಹಿಂದೆ ಕ್ಯೂ ನಿಂತವರೆಲ್ಲ ಮಾಯ! ಉಳಿದದ್ದು ನಾನು, ಅಕ್ಕ, ಇಪ್ಪತ್ತು ಖಡಕ್ ರೊಟ್ಟಿ ಮತ್ತು ಬಂದೂಕು ಹಿಡಿದ ಇಬ್ಬರು ಜವಾನರು.

ಅಕ್ಕನ ಮಗ ಮಲ್ಲು ದೇಶದ ಗಡಿ ಕಾಯುತ್ತಾನೆ. ವರ್ಷದ ಮೇಲಾಯಿತು, ರಜೆ ಇಲ್ಲ. ಭೇಟಿಗೆ ಒಂದು ಗಂಟೆ ಪರ್ಮಿಷನ್ ಸಿಕ್ಕಿದೆ ಎಂದು ಫೋನ್ ಬಂದದ್ದೇ ತಡ, ಶಹಾಪುರದಿಂದ ಯಾದಗಿರಿಗೆ ಬಸ್ಸು, ಅಲ್ಲಿಂದ ರೈಲು, ಮತ್ತೊಂದು ರೈಲು. ಮೂರು ದಿನ ಕುಂಡಿ ಸವೆಸಿ ಮುಟ್ಟಿದ್ದು ಈ ಸೇನಾ ಶಿಬಿರದ ಗೇಟಿಗೆ. (ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅನ್ನ ಉಣ್ಣುವವರು ಹೊಟ್ಟೆಕಿಚ್ಚು ಪಡಬೇಡಿ.)

ಒಳಗೇನಿದೆ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು, ಹತ್ತು ಹೆಜ್ಜೆ ದೂರದಿಂದ. ರೊಟ್ಟಿ ಎಂದೆ. ಯಂತ್ರ ವಿಷಾನಿಲದ ಜಾತಿಯ ರಾಸಾಯನಿಕ ಎನ್ನುತ್ತಿದೆಯಲ್ಲ ಎಂದರು.

ನಮ್ಮನ್ನು ಒಳಗೆ ಹಾಕಿದರೆ? ಅದು ಹಾಳಾಗಲಿ, ಮಲ್ಲುವಿನ ನೌಕರಿಗೇ ಕುತ್ತು ಬಂದರೆ? ವಾಚು ನೋಡಿದೆ. ನಮ್ಮ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಆಗಲೇ ಕರಗಿತ್ತು.

ಕೈಗವಸು, ಮುಖಕ್ಕೆ ದೊಡ್ಡ ಮಾಸ್ಕ್ ಹಾಕಿದವನೊಬ್ಬ ಬಂದು ಗಂಟು ಬಿಚ್ಚಿದ. ರೊಟ್ಟಿಗೆ ಯಂತ್ರ ಸಣ್ಣಗೆ ಕೂಗಿತು. ಸುತ್ತಿದ ಟವೆಲ್ಲಿಗೆ ಬೊಬ್ಬೆ ಹಾಕಿತು.

“ಅಕ್ಕಾ, ಇದು ಯಾವ ಟವೆಲ್?”

“ಎಣ್ಣಿ ಹೊಡಿಯೂ ಮುಂದ ಮೂಗಿಗಿ ಕಟ್ಕೋತೀನಲ್ಲೋ, ಅದ. ಮೂರ್ ಸಲ ಒಗದೀನಿ. ವಾಸನಿ ಎಲ್ಲೈತಿ?”

ಎಣ್ಣಿ ಎಂದರೆ ನಮ್ಮ ಕಡೆ ಹತ್ತಿಗೆ ಹೊಡೆಯುವ ಕೀಟನಾಶಕ. ಅಕ್ಕ ನೇರ ಅಧಿಕಾರಿಗೇ ಶಹಾಪುರ ಸಂತೆಯ ಹಿಂದಿ ಬಿಟ್ಟಳು: “ತೀನ್ ಬಾರ್ ಧೋಯೀ ಸಾಬ್!”

ನಾನು ಬಿಡಿಸಿ ಹೇಳಿದೆ. ಜವಾನರ ಬಂದೂಕು ಕೆಳಗಿಳಿಯಿತು. ಕೆಲವು ಕೀಟನಾಶಕಗಳೂ ಯುದ್ಧದ ವಿಷಾನಿಲವೂ ಒಂದೇ ಬಳ್ಳಿಯ ಕಾಯಿಗಳಂತೆ. “ಇದನ್ನೇ ಮೂಗಿಗೆ ಕಟ್ಟುತ್ತಾರಾ?” ಎಂದು ಅಧಿಕಾರಿ ಎರಡು ಸಲ ಕೇಳಿದರು. ನಾನು ಎರಡೂ ಸಲ ನೆಲ ನೋಡಿದೆ.

ಮಲ್ಲು ಬರುವಷ್ಟರಲ್ಲಿ ಉಳಿದದ್ದು ಹದಿನೈದು ನಿಮಿಷ. ವಿಷಯ ಅವನಿಗೆ ತಿಳಿದಿತ್ತು.

“ಅವ್ವಾ, ಆ ಮಶೀನ್ ಕೂಗಿದ್ರ ನಾವು ಮಾಸ್ಕ್ ಹಾಕ್ಕೊಂಡು ಓಡ್ತೀವಿ. ನೀ ಅದರಾಗ ಉಸರಾಡ್ತೀ.”

“ನನಗೇನಾಗೇತಿ? ಹೊಡದ ದಿನ ತಲಿ ತಿರಗತೈತಿ, ಕಣ್ಣು ಮಂಜ ಆಗ್ತಾವ. ಮಕ್ಕೊಂಡೆದ್ರ ಆತು.”

ಮಲ್ಲು ಅವ್ವನ ಕೈ ಹಿಡಿದು ಕೂತ. ಗೇಟಿನಲ್ಲಿ ಆದದ್ದಕ್ಕಿಂತ ದೊಡ್ಡ ಹೆದರಿಕೆ ನನಗೆ ಆಗ ಆಯಿತು. ಅಕ್ಕನ ಹೊಲದಿಂದ ಭೀಮರಾಯನಗುಡಿಯ ನನ್ನ ಮನೆಗೆ ಎಷ್ಟು ಮಹಾ ದೂರ? ಒಂದು ದಿನವಾದರೂ ತಲೆ ತಿರುಗುತ್ತದಾ ಎಂದು ಕೇಳಿದ್ದೇನಾ? ಲೋಕದ ಉಸಾಬರಿಯೆಲ್ಲ ಬೇಕು ನನಗೆ, ವಾರವಾರ ಪತ್ರಿಕೆಗೆ ಬರೆಯುವುದಕ್ಕೆ.

ಹೊರಡುವಾಗ ಮಾಸ್ಕಿನವನು ರೊಟ್ಟಿ, ಟವೆಲ್ ಎರಡನ್ನೂ ದಪ್ಪ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲಕ್ಕೆ ಹಾಕಿ ಸೀಲ್ ಮಾಡುತ್ತಿದ್ದ. ಅಕ್ಕ ನನ್ನ ತೋಳು ಜಗ್ಗಿದಳು.

“ರೊಟ್ಟಿ ಹ್ವಾದ್ರ ಹೋಗ್ಲಿ. ಟವೆಲ್ ಹೊಳ್ಳಿ ಕೊಡ್ತಾರೇನು ಕೇಳೋ, ಊರಿಗಿ ಹೋದ ಕೂಡ್ಲೆ ಎಣ್ಣಿ ಹೊಡೀಬೇಕು.”