ಹಿಡಿ ಅಕ್ಕಿಯ ಅಯ್ಯನವರು

ಕಳೆದ ತಿಂಗಳು ಗುಂಡ್ಲುಪೇಟೆಯ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಂದು ಸಭೆ ಕೂಡಿತು. ಹೊಸದಾಗಿ ಬಂದಿರುವ ಸಭಾಪಾಲಕರಿಗೆ ನಾವು ಸಂಬಳ ಕೊಡಬೇಕೆ, ಬೇಡವೆ ಎಂಬುದು ವಿಷಯ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಎದ್ದು, ದೇವರ ಕೆಲಸಕ್ಕೆ ಕೂಲಿ ಯಾಕೆ, ನಮ್ಮ ಹಾಗೆ ಅವರೂ ವಾರವೆಲ್ಲ ದುಡಿದು ಭಾನುವಾರ ಬೋಧಿಸಲಿ ಎಂದರು. ಇನ್ನೊಬ್ಬರು, ಹಾಗಾದರೆ ನೀವು ಆಸ್ಪತ್ರೆಯಲ್ಲಿ ಮಲಗಿದಾಗ ಅವರು ರಜೆ ಹಾಕಿ ಬರಬೇಕೋ ಎಂದು ಮೇಲೆ ಬಿದ್ದರು. ಮಾತು ಬೆಳೆಯಿತು, ತಂದಿಟ್ಟ ಕಾಫಿ ಆರಿತು. ಕೊನೆಗೆ ಯಾರೋ ನನ್ನ ಕಡೆ ತಿರುಗಿ, "ಟೀಚರಮ್ಮ, ನೀವು ಅಯ್ಯನವರ ಮಗಳು. ನೀವೇ ಹೇಳಿ" ಎಂದರು. ಯೋಚಿಸಿ ಹೇಳುತ್ತೇನೆ ಎಂದು ಮನೆಗೆ ಬಂದೆ. ಯೋಚಿಸುವುದೇನೂ ಇರಲಿಲ್ಲ. ಅಪ್ಪನ ನೆನಪಾಗಿತ್ತು, ಅಷ್ಟೆ.

ಅಪ್ಪ ಚಂದಕವಾಡಿ ಕಡೆಯ ಒಂದು ಸಣ್ಣ ಊರಿನಲ್ಲಿ ಸಭಾಪಾಲಕನಾಗಿದ್ದ. ಊರವರ ಬಾಯಲ್ಲಿ ಅಯ್ಯೋರು. ಶೀಟು ಹೊದಿಸಿದ ದೇವಾಲಯ, ಇಪ್ಪತ್ತು ಮನೆಯ ಸಭೆ. ಎಲ್ಲರೂ ಕೂಲಿಯವರು, ಅರಿಸಿನ ಕೀಳುವಾಗ ಊರಲ್ಲಿ, ಶುಂಠಿ ಕೆಲಸ ಬಂದಾಗ ವಯನಾಡಿನಲ್ಲಿ. ಸಂಬಳ ಕೊಡುವ ಶಕ್ತಿ ಯಾರಿಗಿತ್ತು? ಅದರ ಬದಲಿಗೆ ಹಿಡಿ ಅಕ್ಕಿ ಇತ್ತು. ಹೆಂಗಸರು ಅನ್ನಕ್ಕೆಂದು ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಡಬ್ಬಿಗೆ ಹಾಕುತ್ತಿದ್ದರು. ಭಾನುವಾರ ಡಬ್ಬಿಗಳು ದೇವಾಲಯಕ್ಕೆ ಬರುತ್ತಿದ್ದವು. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ನಮ್ಮ ಮನೆಗೆ ತರುತ್ತಿದ್ದರು. ಆ ಚೀಲದ ಯಜಮಾನಿಕೆ ಸಭೆಯ ಒಬ್ಬ ಅಜ್ಜಿಯದು. ಆಗಲೇ ಅವಳಿಗೆ ಅರವತ್ತು ದಾಟಿತ್ತು, ಆದರೂ ಗದ್ದೆಗೆ ನಾಟಿಗೆ ಹೋಗುತ್ತಿದ್ದಳು. ಯಾವ ಮನೆಯವಳು ಹಿಡಿ ಹಾಕಿಲ್ಲವೆಂದು ಮುಖ ನೋಡಿಯೇ ಹೇಳಿಬಿಡುತ್ತಾಳೆ ಎಂಬ ಭಯ ಸಭೆಗೆಲ್ಲ ಇತ್ತು. ನನ್ನ ಅನುಮಾನ, ಅಪ್ಪನ ಬೋಧನೆಗಿಂತ ಅವಳ ಕಣ್ಣಿಗೇ ಹೆಚ್ಚು ಜನ ಹೆದರುತ್ತಿದ್ದರು.

ಆ ಚೀಲದ ಅಕ್ಕಿಯನ್ನು ಬೇಯಿಸಿ ನೋಡಿದವರಿಗೇ ಗೊತ್ತು. ಸೊಸೈಟಿ ಅಕ್ಕಿ, ಅಂಗಡಿಯ ಸಣ್ಣಕ್ಕಿ, ವಯನಾಡಿನಿಂದ ಹೊತ್ತು ತಂದ ಕೆಂಪು ಕುಸುಬಲಕ್ಕಿ, ಎಲ್ಲ ಒಂದೇ ಪಾತ್ರೆಯಲ್ಲಿ ಬೇಯಬೇಕು. ಸಣ್ಣಕ್ಕಿ ಕರಗಿ ಗಂಜಿಯಾಗುವ ಹೊತ್ತಿಗೆ ಕುಸುಬಲಕ್ಕಿ ಇನ್ನೂ ಬಿಸಿನೀರಿನ ಸ್ನಾನ ಮಾಡುತ್ತಿರುತ್ತಿತ್ತು. ಅವ್ವ ಎಷ್ಟು ಜಾಣೆಯಾದರೂ ಆ ಅನ್ನ ಒಂದು ದಿನವೂ ಹದಕ್ಕೆ ಬರಲಿಲ್ಲ. ಚಾಮರಾಜನಗರದ ಹೈಸ್ಕೂಲಿನಲ್ಲಿ ನನ್ನ ಊಟದ ಡಬ್ಬಿಯೊಳಗೆ ಇಣುಕಿ ಪಕ್ಕದ ಹುಡುಗಿ, "ಇದು ಎಷ್ಟ್ ಮನೆ ಅನ್ನ ಕಣಮ್ಮಿ?" ಎಂದಳು. ತಮಾಷೆಗೇ ಅಂದಿರಬೇಕು. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಮುಚ್ಚಳವನ್ನು ಅರ್ಧ ಮಾತ್ರ ಸರಿಸಿ ಉಣ್ಣುವುದನ್ನು ಕಲಿತೆ. ಈಗ ನನ್ನ ಕುಕ್ಕರಿನಲ್ಲಿ ಅನ್ನ ಬಿಡಿಬಿಡಿಯಾಗಿ ಬೇಯುತ್ತದೆ, ಯಾರೂ ಹೆಸರಿಡುವಂತಿಲ್ಲ. ಆದರೂ ಆ ಹದಗೆಟ್ಟ ಅನ್ನಕ್ಕೆ, ಅದನ್ನು ಹಾಕಿಕೊಂಡು ಎದುರು ಕೂತಿರುತ್ತಿದ್ದ ಅಪ್ಪನಿಗೆ, ಜೀವ ಎಷ್ಟು ಹಂಬಲಿಸುತ್ತದೆ ಎಂದರೆ ಹೇಳಲು ನಾಚಿಕೆಯಾಗುತ್ತದೆ. ನನ್ನ ಮಕ್ಕಳಿಗೆ ಹೇಳಿದರೆ ನಗುತ್ತಾರೆ.

ಅಕ್ಕಿ ಹಾಕಿದವರು ಅಪ್ಪನನ್ನು ತಮ್ಮ ಮನೆಯ ಸ್ವತ್ತು ಎಂದೇ ತಿಳಿದಿದ್ದರು. ಹೊತ್ತುಗೊತ್ತಿಲ್ಲದೆ ಬಂದು ಬಾಗಿಲು ಬಡಿಯುತ್ತಿದ್ದರು. ಪಿಂಚಣಿ ಅರ್ಜಿ ಬರೆಯಬೇಕು, ತವರಿಗೆ ಹೋದ ಹೆಂಡತಿ ತಿರುಗಿ ಬಂದಿಲ್ಲ, ಹಸು ಈಯಲಾರದೆ ತಿಣುಕುತ್ತಿದೆ, ಎಲ್ಲಕ್ಕೂ ಅಯ್ಯೋರು. ಒಬ್ಬ ಒಂದು ಬೆಳಿಗ್ಗೆ ಅಪ್ಪನನ್ನು ಎಳೆದುಕೊಂಡು ಹೋಗಿ, ತಾನು ಕೆಲಸಕ್ಕಿದ್ದ ತೋಟದ ಸುಟ್ಟ ಬೋರ್‌ವೆಲ್ ಮೋಟಾರಿಗೆ ಪ್ರಾರ್ಥನೆ ಮಾಡಿಸಿದ. ಮೋಟಾರು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅದಕ್ಕೂ ಅಪ್ಪನನ್ನೇ ಬೈದ, ಅಪ್ಪ ಬೈಸಿಕೊಂಡ. ಆಮೇಲೆ ಇಬ್ಬರೂ ಒಂದೇ ಬೈಕಿನಲ್ಲಿ ಮೆಕ್ಯಾನಿಕ್ ಹುಡುಕಿಕೊಂಡು ಸಂತೆಮರಹಳ್ಳಿಗೆ ಹೋದರು. ತಟ್ಟೆಯ ಮುಂದೆ ಕೂತವನನ್ನು ಎಬ್ಬಿಸಿಕೊಂಡು ಹೋಗುವವರ ಮೇಲೆ ನಾನು ಹಾರಾಡಿದರೆ ಅಪ್ಪ ಕೈ ತೊಳೆಯುತ್ತ, "ಬುಡು ಮಗ, ಅವ್ರ ಅನ್ನನೇ ಅಲ್ವ ಉಣ್ತಿರದು" ಎನ್ನುತ್ತಿದ್ದ. ಆ ಮಾತು ನನಗೆ ಇನ್ನಷ್ಟು ಚುಚ್ಚುತ್ತಿತ್ತು.

ನಾನು ಟೀಚರ್ ತರಬೇತಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಗುಂಡ್ಲುಪೇಟೆಯಲ್ಲಿ ಕೆಲಸ ಸಿಕ್ಕ ವರ್ಷವೇ ನಾನು ಅಪ್ಪನ ಮುಂದೆ ಕೂತು, ಇನ್ನು ಹಿಡಿ ಅಕ್ಕಿ ಬೇಡ, ತಿಂಗಳಿಗೊಂದು ಮೂಟೆ ಒಳ್ಳೆಯ ಅಕ್ಕಿ ನಾನು ಕಳಿಸುತ್ತೇನೆ ಎಂದೆ. ಕಲ್ಲು ಆರಿಸಿ ಕೊಡುವವರು ಯಾರಿದ್ದಾರೆ ಎಂಬ ನೆಪ ಹೂಡಿದೆ. ನಿಜ ಬೇರೆ ಇತ್ತು. ನನಗೆ ಗಂಡು ನೋಡುತ್ತಿದ್ದರು. ಬಂದವರ ಮುಂದೆ, ನಮ್ಮಪ್ಪ ಯಾರ ಹಂಗಿನಲ್ಲೂ ಇಲ್ಲ ಎಂದು ತಲೆಯೆತ್ತಿ ಹೇಳಬೇಕಿತ್ತು.

"ಗುಡಾರ ಹೊಲ್ದು ತನ್ನ ಹೊಟ್ಟೆ ತಾನೇ ಹೊರ್ಕೊಂಡ ಅಪೊಸ್ತಲನ ಕತೆ ನೀನೇ ಹೇಳ್ತಿದ್ದಲ್ಲಪ್ಪ" ಎಂದು ಅವನ ಬೋಧನೆಯನ್ನೇ ಅವನಿಗೆ ತಿರುಗಿಸಿದೆ.

"ಕಣ ತುಳ್ಯೋ ಎತ್ತಿಗ ಬಾಯಿಕುಕ್ಕೆ ಕಟ್ಬ್ಯಾಡಿ, ಅದೂ ಒಸಿ ತಿನ್ಲಿ ಅಂತಾನೂ ಅವ್ನೇ ಏಳವ್ನೆ ಕಣವ್ವ" ಎಂದ ಅಪ್ಪ.

"ಈಗೆಲ್ಲಪ್ಪ ಎತ್ತು ತುಳೀತದ? ಹುರುಳಿಯ ರೋಡಲ್ಲಿ ಹರ್ಡ್ತಾರ, ಬಸ್ಸು ತುಳ್ಕಂಡು ಹೋಯ್ತದ. ಬಸ್ಸಿಗ ಎಲ್ಲಿ ಕಟ್ಟೀಯ ಕುಕ್ಕೆಯ?"

ಅಪ್ಪ ಜೋರಾಗಿ ನಕ್ಕುಬಿಟ್ಟ. ನಕ್ಕಿದ್ದೇ ತಪ್ಪಾಯಿತು, ನಾನು ಗೆದ್ದೆ ಎಂದುಕೊಂಡೆ. ಮಗಳ ಆಸೆಯನ್ನು ಒಲ್ಲೆ ಎನ್ನಲು ಅವನಿಗೆ ಬರುತ್ತಿರಲಿಲ್ಲ.

ಮುಂದಿನ ಭಾನುವಾರ ಅಪ್ಪ ಬೋಧನೆ ಮುಗಿಸಿ, ಇನ್ನು ಮುಂದೆ ಯಾರೂ ಅಕ್ಕಿ ತರುವುದು ಬೇಡ, ಮಗಳು ನೋಡಿಕೊಳ್ಳುತ್ತಾಳೆ, ನಿಮಗೆ ಹೊರೆಯಾಗುವುದು ನನಗೂ ಇಷ್ಟವಿಲ್ಲ ಎಂದು ಪ್ರಕಟಿಸಿದ. ನಾನು ಹೆಂಗಸರ ಸಾಲಿನಲ್ಲಿ ಬೀಗುತ್ತ ಕೂತಿದ್ದೆ. ಎಲ್ಲರೂ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಎದ್ದು ನಿಂತು, "ಅಂಗಾರ ನಮ್ದು ಬ್ಯಾಡ್ವ ಅಯ್ಯೋರೇ?" ಎಂದಳು. ಅಪ್ಪ ಏನೋ ಸಮಾಧಾನ ಹೇಳಿದ. ಅವಳು ಖಾಲಿ ಚೀಲವನ್ನು ಎರಡು ಸಲ ಕೊಡವಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಹೆಂಗಸರು ತಂದಿದ್ದ ಡಬ್ಬಿಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ತಿರುಗಿದರು.

ಆಮೇಲೆ ಬಾಗಿಲು ಬಡಿಯುವುದು ನಿಂತಿತು. ಒಂದೇ ದಿನಕ್ಕಲ್ಲ, ಮಳೆ ನಿಲ್ಲುವ ಹಾಗೆ ನಿಧಾನವಾಗಿ. ಮೊದಲು ಅರ್ಜಿಗಳು ಪಂಚಾಯ್ತಿ ಆಫೀಸಿನ ಕಡೆ ಹೋದವು. ಜಗಳಗಳನ್ನು ಅವರವರೇ ತೀರಿಸಿಕೊಂಡರು. ಭಾನುವಾರ ಎಲ್ಲರೂ ಬರುತ್ತಿದ್ದರು, ಹಾಡುತ್ತಿದ್ದರು, ಅಪ್ಪನಿಗೆ ಕೈ ಮುಗಿದು ಹೋಗುತ್ತಿದ್ದರು. ಮೊದಲಿಗಿಂತ ಹೆಚ್ಚು ಮರ್ಯಾದೆಯೇ ಕೊಡುತ್ತಿದ್ದರು. ಅಪ್ಪ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದ. ಕೈಯಲ್ಲಿ ಪೇಪರು, ಕಣ್ಣು ರಸ್ತೆಯ ಮೇಲೆ.

ಒಂದು ದಿನ ಡೈರಿಗೆ ಹಾಲು ತರಲು ಹೋದಾಗ, ತನ್ನದೇ ಸಭೆಯ ಒಬ್ಬ ಹಿರಿಯ ಬೆಳಗಿನ ಜಾವ ತೀರಿಕೊಂಡ ಸುದ್ದಿ ಅಪ್ಪನಿಗೆ ಬೇರೆಯವರಿಂದ ಗೊತ್ತಾಯಿತು. ಹಾಲಿನ ಪಾತ್ರೆ ಹಿಡಿದೇ ಓಡಿದ. ಆ ಮನೆಯವರು ಎದ್ದು ನಿಂತು, ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿ, ಹೋಟೆಲಿನಿಂದ ಟೀ ತರಿಸಿದರು. "ನಿಮ್ಗ ಯಾಕ್ ತೊಂದ್ರೆ ಕೊಡದು ಅಂತ ಏಳಿ ಕಳಿಸ್ನಿಲ್ಲ ಅಯ್ಯೋರೇ" ಎಂದರಂತೆ. ಆ ಹಿರಿಯ ನರಳುತ್ತ ಮಲಗಿದ್ದ ಎರಡು ವಾರದಲ್ಲಿ ಒಂದು ಸಲವೂ ಅವನ ಪಕ್ಕ ಕೂರಲಿಲ್ಲವಲ್ಲ ಎಂದು ಅಪ್ಪ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದು ಹೇಳಿಕೊಂಡ. ಆ ಹೊತ್ತಿಗೆ ನನ್ನ ಮದುವೆಯಾಗಿತ್ತು.

"ಬಾಗ್ಲು ಬಡಿಯೋರೇ ಇಲ್ಲ ಮಗ" ಎಂದ.

"ಒಳ್ಳೇದೇ ಆಯ್ತು. ಇಷ್ಟು ವರ್ಷ ದುಡ್ದಿದ್ದೀಯ, ರೆಸ್ಟ್ ತಗೊ" ಎಂದೆ ನಾನು. ಅಂದದ್ದು ನಾನೇ. ಕಾಪಿ ಪುಸ್ತಕ ತಿದ್ದುತ್ತ, ತಲೆ ಕೂಡ ಎತ್ತದೆ ಅಂದೆ. ಈಗ ಆ ಸಂಜೆ ನನಗೆ ವಾಪಸು ಸಿಕ್ಕರೆ ಪುಸ್ತಕಗಳನ್ನೆಲ್ಲ ಆಚೆ ಎಸೆದು ಅವನ ಮುಖ ನೋಡುತ್ತ ಕೂರುತ್ತಿದ್ದೆ. ಅವನು ಹೆಚ್ಚು ಹೊತ್ತು ಇರಲಿಲ್ಲ, ಐದೂವರೆ ಬಸ್ಸಿಗೆ ಹೊರಟುಹೋದ.

ಅದಾಗಿ ಒಂದೆರಡು ವಾರಕ್ಕೆ, ಒಂದು ಶನಿವಾರ, ಶಾಲೆ ಮುಗಿಸಿಕೊಂಡು ಊರಿಗೆ ಹೋದೆ. ಬಸ್ಸಿಳಿದು ನೋಡಿದರೆ ಬೀದಿಯ ಆ ತುದಿಯಲ್ಲಿ ಅಪ್ಪ ಬಟ್ಟೆಯ ಬ್ಯಾಗು ಹಿಡಿದು ಒಂದು ಬಾಗಿಲಲ್ಲಿ ನಿಂತಿದ್ದಾನೆ. ಸಭೆಯವರ ಮನೆ. ಅಲ್ಲಿಂದ ಇಳಿದು ಮುಂದಿನ ಬಾಗಿಲಿಗೆ ಹೋದ. ಅವನು ಹಿಡಿ ಅಕ್ಕಿ ಕೇಳುತ್ತಿದ್ದಾನೆಂದು ಹತ್ತಿರ ಹೋಗದೆಯೇ ಗೊತ್ತಾಯಿತು. ಅಷ್ಟೂ ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ನಡುಬೀದಿಯಲ್ಲಿ, ನಡುಮಧ್ಯಾಹ್ನ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ನಡೆಯುತ್ತಿತ್ತು. ಸಿಟ್ಟಿನಲ್ಲಿ ನನಗೆ ಕಣ್ಣೇ ಕಾಣಲಿಲ್ಲ. ಕೈಹಿಡಿದು ಎಳೆದುಕೊಂಡು ಹೋಗಬೇಕೆಂದೇ ಅವನ ಹಿಂದೆ ಹೋದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವನು ಅಜ್ಜಿಯ ಮನೆಯ ಮುಂದಿದ್ದ.

ಅಜ್ಜಿ ಹೊಸಿಲ ಮೇಲೆ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಯ್ಯೋರು ಬೀದಿಲಿ ಕೇಳ್ಕಂಡ್ ಬರದ? ನಾವೇನ್ ಸತ್ತೋಗಿದ್ದವ?" ಎಂದು ಬ್ಯಾಗನ್ನು ಅವನ ಕೈಯಿಂದ ಕಿತ್ತುಕೊಂಡಳು.

"ನನ್ದೇ ತಪ್ಪಾಯ್ತು ಕಣಮ್ಮ" ಎಂದ ಅಪ್ಪ.

"ಆಯ್ತು ಬುಡಿ. ಬರೋ ಬಾನ್ವಾರ ನಾನೇ ಎತ್ಕಂಬತ್ತೀನಿ. ಈಗ ಬಂದದ್ ಬಂದ್ರಿ, ಒಳಕ್ ಬನ್ನಿ. ಸೊಸೆ ಮೂರ್ ದಿನದಿಂದ ಉಂಡಿಲ್ಲ, ಮಾತಾಡದಿಲ್ಲ. ನೀವೇ ಒಸಿ ಕೇಳಿ ಏನಾಯ್ತು ಅಂತ."

ಅಪ್ಪ ಚಪ್ಪಲಿ ಬಿಟ್ಟು, ಬಾಗಿಲು ತಗ್ಗಾಗಿದ್ದರಿಂದ ತಲೆ ಬಗ್ಗಿಸಿ ಒಳಗೆ ಹೋದ. ಹೋಗುವ ಮುಂಚೆ ತಿರುಗಿ ನನ್ನನ್ನು ನೋಡಿದ. ಅಷ್ಟು ಸಂತೋಷದ ಮುಖವನ್ನು, ನನಗೆ ಕೆಲಸ ಸಿಕ್ಕ ದಿನವೂ ನಾನು ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ನಾನು ಕಳಿಸಿದ ಮೂಟೆಗಳಲ್ಲಿ ಒಂದೂ ಅವನಿಗೆ ಆ ಮುಖ ಕೊಟ್ಟಿರಲಿಲ್ಲ. ಎಷ್ಟೋ ಹೊತ್ತು ಬಿಸಿಲಲ್ಲಿ ನಿಂತಿದ್ದು, ಕೊನೆಗೆ ಒಬ್ಬಳೇ ಮನೆಗೆ ಹೋಗಿ ಅಡುಗೆಗಿಟ್ಟೆ.

ಅವರು ಕೊಡುತ್ತಿದ್ದದ್ದು ಕೂಲಿಯಲ್ಲ, ದಾನವೂ ಅಲ್ಲ. ಕರೆಯಲು ಅವರಿಗೆ ಒಂದು ಹಕ್ಕು ಬೇಕಿತ್ತು, ಬಡವರಾದ್ದರಿಂದ ಅದನ್ನು ದಿನಕ್ಕೊಂದು ಹಿಡಿಯಂತೆ ಸಂಪಾದಿಸುತ್ತಿದ್ದರು. ನಾನು ಅಪ್ಪನನ್ನು ಹಂಗಿನಿಂದ ಬಿಡಿಸುತ್ತೇನೆಂದು ಹೋಗಿ ಅವರನ್ನು ಬಡವರನ್ನಾಗಿ ಮಾಡಿದ್ದೆ. ಇಷ್ಟು ತಿಳಿಯಲು ನನಗೆ ಅಪ್ಪನ ಆಯಸ್ಸಿನ ಆರು ವರ್ಷ ಬೇಕಾಯಿತು. ಉಳಿದದ್ದು ಮೂರೇ ವರ್ಷ. ಆ ಮೂರು ವರ್ಷ ನಾನು ಯಾವಾಗ ಫೋನು ಮಾಡಿದರೂ ಅಪ್ಪ ಮನೆಯಲ್ಲಿರುತ್ತಿರಲಿಲ್ಲ.

ಅಪ್ಪ ಚಾಮರಾಜನಗರದ ಆಸ್ಪತ್ರೆಯಲ್ಲಿ, ಒಂದು ಗುರುವಾರ ಬೆಳಿಗ್ಗೆ ಹೋಗಿಬಿಟ್ಟ. ನಾನು ಬರುವಷ್ಟರಲ್ಲಿ ಸಭೆಯವರು ಅವನನ್ನು ಊರಿಗೆ ತಂದು, ಮೀಯಿಸಿ, ಬಿಳಿ ಬಟ್ಟೆ ಉಡಿಸಿ ಮಲಗಿಸಿದ್ದರು. ನನಗೆ ಅಳು ಬರಲಿಲ್ಲ. ಪೆಟ್ಟಿಗೆಗೆ ಎಷ್ಟಾಯಿತು, ಗುಂಡಿ ತೋಡಿದವರಿಗೆ ಏನು ಕೊಡಬೇಕು, ಬಂದವರ ಊಟಕ್ಕೆ ಯಾರಿಗೆ ಹೇಳಿದ್ದೀರಿ ಎಂದು ಪರ್ಸು ಹಿಡಿದು ಅಂಗಳದ ತುಂಬ ಓಡಾಡಿದೆ. ಅಷ್ಟರಲ್ಲಿ ಅಜ್ಜಿ, ಆಗಲೇ ಬೆನ್ನು ಬಾಗಿದ್ದವಳು, ಕೋಲೂರಿಕೊಂಡು ಬಂದು ನನ್ನ ಪರ್ಸಿನ ಜಿಪ್ಪನ್ನು ತಾನೇ ಎಳೆದು ಮುಚ್ಚಿದಳು.

"ಎತ್ತಿಡು ಕಣಮ್ಮಿ. ಅಯ್ಯೋರ್ನ ಸಾಕ್ದೋರು ನಾವು. ಮಣ್ ಮಾಡದೂವೆ ನಾವೇಯ."

"ಅಂಗಾರ ನಾನೇನ್ ಮಾಡ್ಲಿ ಅಜ್ಜಿ?" ಎಂದೆ.

"ನೀನು ಮಗಳಲ್ವ?" ಎಂದಳು. "ಕೂತ್ಕಂಡು ಅಳು."

ನಾನು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತೆ.