ಕಿತ್ತ ಹತ್ತಿಯ ವರ್ಷ

ನಾನು ಬಿ.ಎ. ಮುಗಿಸುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ‘ಕಸಾ ತಗಿಯೋ ಕೈಗೆ ಪೆನ್ನ ಹತ್ತೂದಿಲ್ಲಬೇ. ಓದಿದ್ದು ಸಾಕು, ಗಂಡನ ಮನೀಗಿ ಹೋಗು’ ಎಂದು ನಾಲ್ಕು ಜನರ ಎದುರಿಗೇ ಅಂದಿದ್ದರು. ನಮ್ಮ ಮನೆತನದಲ್ಲಿ ಆವರೆಗೆ ಹತ್ತನೆಯ ತರಗತಿ ದಾಟಿದವರಿರಲಿಲ್ಲ. ಎದುರು ಮಾತಾಡುವವರು ಯಾರು? ನಾನು ಬಸ್ಸು ಹಿಡಿದು ಜೇವರ್ಗಿಯ ಕಾಲೇಜಿಗೆ ಹೋಗಿಬರುತ್ತಲೇ ಇದ್ದೆ.

ಕೂಲಿ ಮಾತ್ರ ಅದೇ ದೊಡ್ಡಪ್ಪನ ಹೊಲದಲ್ಲಿ. ಅದು ತೊಂಬತ್ತರ ದಶಕ. ಹೊರದೇಶದ ಕಂಪನಿಯೊಂದು ಅವರ ಹೊಲದಲ್ಲಿ ಹೈಬ್ರಿಡ್ ಹತ್ತಿಬೀಜ ಬೆಳೆಸುತ್ತಿತ್ತು. ಆ ಕೆಲಸಕ್ಕೆ ಕ್ರಾಸಿಂಗ್ ಅನ್ನುತ್ತಿದ್ದೆವು. ಮರುದಿನ ಅರಳುವ ಮೊಗ್ಗನ್ನು ಸಂಜೆಯೇ ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಗಂಡು ಎಳೆಗಳನ್ನೆಲ್ಲ ತೆಗೆದು, ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂವು ತಂದು ಅದಕ್ಕೆ ಸವರಬೇಕು. ಉಗುರಿನ ಬುಡ ಒಡೆದು ಕೀವಾಗುತ್ತಿತ್ತು. ಕಾಯಿ ಒಡೆದು ಬೀಜ ಕಂಪನಿಗೆ ಹೋದ ಮೇಲೆಯೇ ಕೂಲಿ. ಆ ಕೂಲಿಯಲ್ಲೇ ನನ್ನ ಕೊನೆಯ ವರ್ಷದ ಪರೀಕ್ಷೆಯ ಶುಲ್ಕ ಕಟ್ಟಬೇಕಿತ್ತು.

ಅಪ್ಪ ರೈತ ಚಳವಳಿಯ ಹಸಿರು ಶಾಲು ಹಾಕಿದ್ದೂ ಹತ್ತಿಯ ದೆಸೆಯಿಂದಲೇ. ಜೋಳದ ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಇಡುವ ಹಾಗೆ, ಕೊಂಡು ತಂದ ಕಂಪನಿ ಹತ್ತಿಯ ಬೆಳೆಯಿಂದಲೂ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದ್ದ. ಒಂದು ಗಿಡ ಆಳೆತ್ತರ, ಇನ್ನೊಂದು ಮೊಣಕಾಲುದ್ದ, ಅರ್ಧಕ್ಕರ್ಧ ಗಿಡಕ್ಕೆ ಕಾಯೇ ಇಲ್ಲ. ಒಡ್ಡಿನ ಮೇಲೆ ನಿಂತು ದೊಡ್ಡಪ್ಪ ನಕ್ಕರು.

‘ಕಂಪನಿ ಬೀಜಾ ಗಡಗ್ಯಾಗ ಇಡಾಕ ಬರೂದಿಲ್ಲೋ ತಮ್ಮಾ. ವರ್ಷಾ ಹೊಸಾದು ಕೊಳ್ಳಬೇಕು.’

‘ಹಂಗಂದ್ರ ಬಿತ್ತಾಂವ ನಾನು, ಬೀಜದ ಮಾಲಕ ಅವನೇನು?’ ಅಪ್ಪ ಕೇಳಿದ.

‘ಹೌದಲೇ. ಈಗ ತಿಳೀತೇನು?’

ಮುಂದೆ ಅಫಜಲಪುರ, ಆಳಂದದ ಕಡೆಯಿಂದ ಹಸಿರು ಶಾಲಿನ ರೈತರು ನಮ್ಮೂರಿಗೆ ಬಂದರು. ದೇಶ ದೇಶಗಳ ನಡುವಿನ ವ್ಯಾಪಾರದ ಒಪ್ಪಂದ ಬಂದರೆ ಬೀಜ ಎತ್ತಿಡುವುದೇ ಕಳ್ಳತನ ಅನ್ನಿಸಿಕೊಳ್ಳುತ್ತದೆ ಎಂದರು. ಅಪ್ಪನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹತ್ತಿ ಹೂ ಬಿಡುತ್ತಿದ್ದ ದಿನಗಳಲ್ಲಿ ಒಮ್ಮೆ ಊಟಕ್ಕೆ ಕೂತವನೇ ಹೇಳಿದ: ‘ನಾಳಿಗಿ ಕ್ರಾಸಿಂಗಿಗೆ ಹೋಗಬ್ಯಾಡ ಯವ್ವಾ. ಆ ಹೊಲಾ ಕೀಳಾಕ ಹೊಂಟೇವಿ.’

‘ಮತ್ತ ಕೂಸಿನ ಪರೀಕ್ಷಾ?’ ಅವ್ವ ಕೇಳಿದಳು. ‘ಅದನ್ನೂ ಕಿತ್ತ ಒಗೀತೀರೇನು?’

ಅಪ್ಪ ರೊಟ್ಟಿ ಮುರಿಯುತ್ತಲೇ ಕೂತ. ಬಾಯಿಗಿಡಲಿಲ್ಲ.

ಅವನು ಮಾಡಹೊರಟಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೂ ಮರುದಿನ ಹೊಲದ ದಾರಿಯಲ್ಲಿ ನಿಂತು, ನಾನೇ ಕೆಂಪು ಕಾಗದ ಸಿಕ್ಕಿಸಿದ್ದ ಗಿಡಗಳನ್ನು ಅವನು ಬೇರುಸಮೇತ ಎಳೆದು ಒಡ್ಡಿನ ಮೇಲೆ ಒಗೆಯುವುದನ್ನು ಕಂಡಾಗ, ಕಿತ್ತ ಸಾಲುಗಳನ್ನು ಕೂಲಿಯ ಲೆಕ್ಕದಲ್ಲೇ ಎಣಿಸುತ್ತಿದ್ದೆ. ಪೊಲೀಸರು ಬಂದರು. ಲಾಠಿ ಅಪ್ಪನ ಎಡಗಿವಿಯ ಮೇಲೆ ಬಿತ್ತು. ಅವನನ್ನೂ ಉಳಿದವರನ್ನೂ ಜೀಪಿಗೆ ತುಂಬಿ ಒಯ್ದು ಜೈಲಿಗೆ ಹಾಕಿದರು.

ಅವ್ವ ನನ್ನ ಕೂಲಿ ಕೇಳಲು ಹೋದಳು. ‘ಕೂಲಿ ಒಡ್ಡಿನ ಮ್ಯಾಲ ಬಿದ್ದದ ನೋಡವಾ’ ಎಂದರು ದೊಡ್ಡಪ್ಪ, ‘ನಿನ್ನ ಗಂಡನೇ ಒಗದಾನ. ಆರಿಸ್ಕೊಂಡು ಹೋಗು.’

ಆ ವರ್ಷ ನಾನು ಪರೀಕ್ಷೆಗೆ ಕೂರಲಿಲ್ಲ. ಅವ್ವನ ಜೊತೆ ಮಂದಿಯ ಹೊಲಗಳಲ್ಲಿ ತೊಗರಿ ಕೊಯ್ದೆ. ಕಂಪನಿಗೆ ಆದದ್ದು ಏನೂ ಇಲ್ಲ. ಮುಂದಿನ ಮಳೆಗಾಲಕ್ಕೆ ಬೇರೆ ಊರಿನಲ್ಲಿ ಹೊಲ ಹಿಡಿಯಿತು, ಪೇಟೆಯ ಅಂಗಡಿಗಳಲ್ಲಿ ಅದರ ಬೀಜದ ಪಾಕೀಟುಗಳು ತೂಗುತ್ತಲೇ ಇದ್ದವು. ಜೈಲಿನಿಂದ ಬಂದ ಅಪ್ಪನಿಗೆ ಎಡಗಿವಿ ಕೇಳುತ್ತಿರಲಿಲ್ಲ.

ಮರುವರ್ಷ ತೊಗರಿಯ ಕೂಲಿಯಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಬರೆದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಒಂದೇ ಸಲಕ್ಕೆ ಪಾಸಾದೆ.

ಸರ್ಟಿಫಿಕೇಟು ಸಿಕ್ಕ ದಿನ ಬಸ್ಸಿಳಿದು ಸೀದಾ ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಬಲಗಡೆ ಕೂತು, ‘ಯಪ್ಪಾ, ಬಿ.ಎ. ಆತು’ ಎಂದು ಕೈಗಿಟ್ಟೆ. ಓದು ಬಾರದ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆಗೇ ಚಾಚಿದ.

‘ನಿನ್ನ ದುಡಿತಾ ಕಿತ್ತಾಂವ ನಾನು. ನನಗ್ಯಾಕ ಕೊಡ್ತೀ ಯವ್ವಾ? ಹೋಗು, ನಿಮ್ಮವ್ವನ ಕೈಯಾಗ ಕೊಡು.’